ಚಿಲಕ ಹಾಕಿದ ಟೆಸ್ಟ್ ರೂಮು

ಮೊನ್ನೆ ಬೋಗಾದಿಯ ಸಲೂನಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಾಗ ಅಮೋನಿಯಾ ಘಾಟು ಮೂಗಿಗೇರಿತು. ವಯಸ್ಸು ಮುಚ್ಚಿಕೊಳ್ಳಲು ಹೋದವನ ಎದುರು ತೊಂಬತ್ತರ ದಶಕವೇ ಬಂದು ನಿಂತಿತು... ಜೊತೆಗೆ ನಮ್ಮ ಮೇಡಂ.

ಮೇಟಗಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ, ನಾನು ಅವರ ಕೈಕೆಳಗಿನ ಹೊಸ ಇಂಜಿನಿಯರ್. ಉಪಗ್ರಹದ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಶಾಖ ಸಾಗಿಸುವ ಅಲ್ಯೂಮಿನಿಯಂ ಕೊಳವೆಗಳು ನಮ್ಮಲ್ಲಿ ತಯಾರಾಗುತ್ತಿದ್ದವು. ಒಳಗೆ ಒಂದಿಷ್ಟು ಅಮೋನಿಯಾ ತುಂಬಿ, ಬಾಯಿ ಬೆಸೆದು, ಮಂಜುಗಡ್ಡೆಗಿಂತ ತಣ್ಣಗೆ ಮಾಡಿ ಪರೀಕ್ಷಿಸಬೇಕು. ಕೋಣೆಯ ಗಾಳಿಯ ತೇವವನ್ನೆಲ್ಲ ಮೊದಲೇ ತೆಗೆದಿರುತ್ತಿದ್ದೆವು. ನಡುವೆ ಬಾಗಿಲು ತೆರೆದರೆ ಹೊರಗಿನ ತೇವ ನುಗ್ಗಿ, ಕೊಳವೆಗೆ ಹಿಮ ಕಟ್ಟಿ, ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ. ಅದಕ್ಕೇ ಮೇಡಂ ಒಳಗಿನಿಂದ ಚಿಲಕ ಹಾಕಿ, ಫೋನಿನ ವೈರ್ ಕಿತ್ತಿಟ್ಟು ಕೂರುತ್ತಿದ್ದರು. ಯಾರೇ ಬಂದರೂ ತಟ್ಟಕೂಡದೆಂದು ವಾಚ್‌ಮನ್‌ಗೆ ಕಟ್ಟಪ್ಪಣೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು.

ಅವರಿಗೂ ಕಟ್ಟುತ್ತಿತ್ತು. ಕೆಲಸ ಬಿಡುತ್ತೇನೆಂದಾಗಲೆಲ್ಲ ಮಾಲೀಕರು "ಈ ಬ್ಯಾಚ್ ಒಂದು ಮುಗೀಲಿ ಕಣಮ್ಮ" ಎಂದು ಬೆಣ್ಣೆ ಹಚ್ಚುತ್ತಿದ್ದರು. ಬ್ಯಾಚು ಮುಗಿಯುವುದುಂಟೇ! ಕೊನೆಗೆ ಮೇಡಂ ಗುಟ್ಟಾಗಿ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದರು.

ಒಂದು ಸಂಜೆ ಟೆಸ್ಟ್ ಮುಗಿಸಿ ಬಾಗಿಲು ತೆಗೆದರೆ, ಹೊರಗೆ ಸ್ಟೂಲಿನ ಮೇಲೆ ಅವರ ತಂದೆ. ಅಶೋಕಪುರಂನಿಂದ ಮಧ್ಯಾಹ್ನವೇ ಬಸ್ಸು ಹತ್ತಿ ಬಂದಿದ್ದರಂತೆ. ಪಕ್ಕದ ಮನೆಗೆ ಕಾಲೇಜಿನವರು ಫೋನ್ ಮಾಡಿದ್ದರು: ಅಂದೇ ಬಂದು ಸೇರಬೇಕು, ಇಲ್ಲದಿದ್ದರೆ ಕೆಲಸ ಮುಂದಿನವರಿಗೆ.

ಮೇಡಂ ವಾಚ್‌ಮನ್ ಕಡೆ ತಿರುಗಿದರು.

"ನೀವೇ ಏಳಿದ್ರಲ್ಲವ್ವಾ, ಯಾರ್ ಬಂದ್ರೂ ತಟ್ಬ್ಯಾಡ ಅಂತ. ಯಜಮಾನ್ರಿಗೆ ಟೀ ಕೊಟ್ಟು ಕೂರ್ಸಿವ್ನಿ" ಎಂದ ಅವನು.

ಕಾಲೇಜು ಆಗಲೇ ಮುಚ್ಚಿತ್ತು. ಮೇಡಂ ತಂದೆಯ ಪಕ್ಕ ನೆಲದ ಮೇಲೇ ಕುಳಿತು, "ಪೈಪ್ ಪಾಸಾಯ್ತು ಅಪ್ಪಾಜಿ" ಎಂದರು.

"ಹೋಗ್ಲಿ ಬುಡವ್ವಾ" ಎಂದು ತಂದೆ ಅವರ ತಲೆ ಸವರಿದರು.

ಮರುದಿನವೂ ಚಿಲಕ ಬಿತ್ತು. "ಮನೆಯವರು ಬಂದ್ರೆ ತಟ್ಟಲಿ ಅನ್ನಿ ಮೇಡಂ" ಎಂದೆ.

"ತಟ್ಟಿದ್ರೂ ತೆಗೀತಿದ್ನೋ ಇಲ್ವೋ... ನಂಗೇ ಗೊತ್ತಿಲ್ಲ ಕಣೋ."

ಮಾರನೇ ವರ್ಷ ನನಗೊಂದು ಸಂದರ್ಶನದ ಕರೆ ಬಂತು. ಮಾಲೀಕರು ರಜೆ ಕೊಡಲಿಲ್ಲ. ಸಂದರ್ಶನದ ದಿನ ಟೆಸ್ಟ್ ನಡೆಯುತ್ತಿದ್ದಾಗಲೇ ಮೇಡಂ ಹತ್ತಿರ ಬಾಯಿಬಿಟ್ಟೆ. ಅವರು ಎದ್ದು ಹೋಗಿ ಚಿಲಕ ತೆಗೆದರು.

"ಓಡು. ಇನ್ನೂ ಟೈಮಿದೆ."

ನೋಡನೋಡುತ್ತಲೇ ಕೊಳವೆ ಬೆಳ್ಳಗಾಗತೊಡಗಿತು. ಮಾಲೀಕರಿಗೇನು ಹೇಳುತ್ತೀರಿ ಎಂದು ಕೇಳಿದೆ.

"ಬ್ಯಾಚ್ ಮುಗೀಲಿಲ್ಲ ಅಂತೀನಿ" ಎಂದು ನಕ್ಕರು.

ನನಗೆ ಕೆಲಸ ಸಿಕ್ಕಿತು. ಅವರು ಕಾರ್ಖಾನೆ ಮುಚ್ಚುವವರೆಗೂ ಅಲ್ಲೇ ಉಳಿದರು... ತೀರಿಕೊಂಡ ಸುದ್ದಿ ಈಚೆಗಷ್ಟೇ ತಿಳಿಯಿತು. ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬಾಗಿಲು ತೆರೆದೇ ಇತ್ತಲ್ಲ, ಅವತ್ತು ನನ್ನ ಹಿಂದೆಯೇ ಅವರೂ ಹೊರಟುಬಿಡಬಾರದಿತ್ತೇ!