ಮನೆಗೆ ಬಂದ ಶಾಲೆ ಮತ್ತು ಸರೋಜಮ್ಮ

ಕಾರನ್ನು ರಿಪೇರಿಗೆ ಬಿಟ್ಟು ಹೋಗುವ ಅಭ್ಯಾಸ ಸರೋಜಮ್ಮನವರಿಗೆ ಇರಲಿಲ್ಲ. ಗ್ಯಾರೇಜಿನ ಮೂಲೆಯಿಂದ ಮಡಚುವ ಕುರ್ಚಿಯನ್ನು ತಾವೇ ಎಳೆದುಕೊಂಡು ಕಾರಿನ ಪಕ್ಕದಲ್ಲೇ ಕೂರುತ್ತಿದ್ದರು. ನೂಲಿನ ಸೀರೆ, ಮೇಲೊಂದು ಮಗನ ಹಳೇ ಸ್ವೆಟರ್, ಕಾಲಿಗೆ ಬಿಳಿ ಶೂ. ನಾನು ಕಾರಿನಡಿ ಮಲಗಿದ್ದರೆ ಮೇಲಿನಿಂದ ಪ್ರಶ್ನೆ ಬೀಳುತ್ತಿತ್ತು: "ಈಗೇನು ಬಿಚ್ಚಿದಿರಿ? ಯಾಕೆ ಬಿಚ್ಚಿದಿರಿ?" ಬೇರೆ ಗಿರಾಕಿ ಹೀಗೆ ಕೇಳಿದ್ದರೆ ನನಗೆ ರೇಗುತ್ತಿತ್ತು. ಇವರ ಪ್ರಶ್ನೆಯಲ್ಲಿ ಅನುಮಾನವಿರಲಿಲ್ಲ. ಬ್ರೇಕು ಹೇಗೆ ಹಿಡಿಯುತ್ತದೆಂದು ತಿಳಿಯುವವರೆಗೆ ಅವರಿಗೆ ಸಮಾಧಾನವಿಲ್ಲ, ಅಷ್ಟೆ.

ನಮ್ಮ ಪರಿಚಯ ಅವರಿದ್ದ ಟೊರೆನ್ಸ್ ಎಂಬ ಊರಿನಲ್ಲಿ ಆದದ್ದು, ನಾನು ಇನ್ನೊಬ್ಬರ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ. ತೊಂಬತ್ತರ ದಶಕದ ನಡುವೆ ನಾನು ಸ್ಯಾನ್ ಡಿಯಾಗೋದ ಮೀರಾ ಮೆಸಾಕ್ಕೆ ಬಂದು ಸ್ವಂತ ಗ್ಯಾರೇಜು ಹಾಕಿದೆ. ಅವರು ನನ್ನನ್ನು ಬಿಡಲಿಲ್ಲ. ಟೊರೆನ್ಸಿನಿಂದ ಎರಡು ಗಂಟೆಗೂ ಮೀರಿ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಮೈಸೂರಿನವರು. ಯಜಮಾನರು ಅಲ್ಲೇ ಹತ್ತಿರದ ಎಲ್ ಸೆಗುಂಡೋದಲ್ಲಿ ಎಂಜಿನಿಯರ್. ಇಬ್ಬರು ಗಂಡುಮಕ್ಕಳಿಗೂ ಹೈಸ್ಕೂಲು ಮುಗಿಯುವವರೆಗೆ ಮನೆಯಲ್ಲೇ ಪಾಠ ಹೇಳಿದ ಹೆಂಗಸು.

ನಾನು ಕುಂದಾಪುರದ ಕಡೆಯವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸ್ಪ್ಯಾನರ್ ಹಿಡಿದೇ ಮೇಲೆ ಬಂದೆ, ಯಾರ ಹಂಗೂ ಇಲ್ಲ. ಆದರೆ ಓದಿನ ವಿಷಯ ಬಂದರೆ ಎಸ್ಸೆಸ್ಸೆಲ್ಸಿ ಎನ್ನುತ್ತಿದ್ದೆ. ಮಗಳು ದೀಪಾಗೆ ಆಗ ಹತ್ತು ವರ್ಷ, ಮಾತು ತೊದಲುತ್ತಿತ್ತು. ತರಗತಿಯಲ್ಲಿ ಮಕ್ಕಳು ನಕ್ಕು ನಕ್ಕು ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಆಗ ಸರಕಾರಿ ಶಾಲೆಯವರದೇ ಒಂದು ಕಾರ್ಯಕ್ರಮಕ್ಕೆ ಸೇರಿಸಿದೆವು. ಪುಸ್ತಕ ಶಾಲೆಯದು, ಬೆಳಿಗ್ಗೆ ಹೆಂಡತಿ ರತ್ನಾ, ಸಂಜೆ ನಾನು ಮನೆಯಲ್ಲಿ ಪಾಠ ಹೇಳುವುದು, ತಿಂಗಳಿಗೊಮ್ಮೆ ಅವರ ಟೀಚರ್ ಮಗುವಿನ ಕೆಲಸ ನೋಡುವುದು.

"ನಾವೂ ನಿಮ್ಮ ಹಾಗೆ ಹೋಮ್ ಸ್ಕೂಲ್ ಮಾಡ್ತಿದ್ದೇವೆ ಅಮ್ಮ," ಎಂದು ಒಂದು ದಿನ ಕಾರಿನಡಿಯಿಂದಲೇ ಹೆಮ್ಮೆಯಿಂದ ಹೇಳಿದೆ. ಎಲ್ಲ ವಿವರ ಕೇಳಿಕೊಂಡರು.

"ಅದು ಹೋಮ್ ಸ್ಕೂಲ್ ಅಲ್ಲ ಸುಧಾಕರ್. ಶಾಲೆ ನಿಮ್ಮನೆಗೆ ಬಂದಿದೆ. ನಾನು ವರ್ಷಕ್ಕೊಂದು ಅಫಿಡವಿಟ್ ಸರ್ಕಾರಕ್ಕೆ ಕಳಿಸ್ತಿದ್ದೆ, ನಮ್ಮನೇನೇ ಒಂದು ಖಾಸಗಿ ಶಾಲೆ ಅಂತ. ಹೆಡ್‌ಮಿಸ್ಟ್ರೆಸ್ಸೂ ನಾನೇ, ಗಂಟೆ ಹೊಡೆಯೋಳೂ ನಾನೇ. ಪುಸ್ತಕ ನಮ್ದು, ಮಗು ಹಾಳಾದ್ರೆ ಬೈಗುಳಾನೂ ನಮ್ದೇ. ನಿಮ್ಮ ಮಗಳು ಇವತ್ತಿಗೂ ಸರ್ಕಾರಿ ಶಾಲೆ ಹುಡುಗಿ. ನೀವು ಆ ಟೀಚರಿಗೆ ಕೈ ಜೋಡಿಸಿದೀರಿ."

"ಹಾಗಾದ್ರೆ ನಮ್ಮದು ಕಮ್ಮಿಯಾ?"

"ಕಮ್ಮಿ ಅಂದೋರು ಯಾರಪ್ಪ? ಎರಡೂ ಒಂದೇ ಅಂದ್ಕೊಬೇಡಿ ಅಂದೆ. ಅವರು ಕೇಳಿದ್ದು ನೀವು ತೋರಿಸಬೇಕಾಗತ್ತೆ."

ತೋರಿಸಲು ನನಗೇನು ಭಯ? ನಾನು ಓದಿದ ಶಾಲೆಯಲ್ಲಿ ಚಿತ್ತು ಮಾಡಿದ ಪುಸ್ತಕ ಮೇಷ್ಟರ ಮುಂದಿಟ್ಟರೆ ಬೆತ್ತ ಬೀಳುತ್ತಿತ್ತು. ಕಚ್ಚಾ ಪುಸ್ತಕ ಬೇರೆ, ಫೇರ್ ಪುಸ್ತಕ ಬೇರೆ. ಅದೇ ಪದ್ಧತಿಯನ್ನು ಮನೆಯಲ್ಲೂ ಹಿಡಿದೆ. ದೀಪಾ ಬರೆದದ್ದನ್ನು ಪ್ರತಿ ಸಂಜೆ ತಿದ್ದಿ, ದುಂಡಗೆ ನಕಲು ಮಾಡಿಸಿ, ಕಚ್ಚಾ ಹಾಳೆಗಳನ್ನು ಗ್ರೀಸ್ ಒರೆಸಲು ಗ್ಯಾರೇಜಿಗೆ ಒಯ್ಯುತ್ತಿದ್ದೆ.

ಎರಡನೇ ತಿಂಗಳು ಟೀಚರ್ ಆ ಪುಸ್ತಕಗಳನ್ನು ಬಹಳ ಹೊತ್ತು ತಿರುವಿದರು. "ಒಂದೂ ತಪ್ಪಿಲ್ಲ. ಇದರಲ್ಲಿ ಮಗು ಎಲ್ಲಿದ್ದಾಳೆ?" ಎಂದರು. ಅವಳು ದಿನವೂ ತಾನಾಗಿ ಮಾಡಿದ ಕೆಲಸ ತೋರಿಸದಿದ್ದರೆ ಆ ಎರಡು ತಿಂಗಳ ಹಾಜರಿ ಸಿಗದು. ಹೀಗೇ ಮುಂದುವರಿದರೆ ತರಗತಿಗೇ ವಾಪಸು ಹೋಗಬೇಕಾಗುತ್ತದೆ ಎಂದೂ ಹೇಳಿದರು. ದೀಪಾಳ ಮುಖ ಬಿಳಿಚಿಕೊಂಡಿತು. ನಾನು ಸಿಟ್ಟಿನಿಂದ ಎದ್ದು ಬಂದು ಸರೋಜಮ್ಮನವರಿಗೆ ಫೋನು ಮಾಡಿದೆ.

"ನಾನೆಂತ ಕಳ್ಳನಾ ಅಮ್ಮ? ಬೇಡ ಮಾರಾಯ್ರೇ, ಇವರ ಪುಸ್ತಕವೇ ಬೇಡ! ನಿಮ್ಮ ಆ ಅಫಿಡವಿಟ್ ನಾನೂ ಕಳಿಸ್ತೇನೆ. ತುಂಬಿಸಿ ಕೊಡಿ."

ಶನಿವಾರ ಬಂದರು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಪೆನ್ನಿನ ಮುಚ್ಚಳ ತೆಗೆದರು.

"ಪಾಠ ಹೇಳೋರು ಯಾರು?"

"ನಾನು."

"ನೀವು ಎಸ್ಸೆಸ್ಸೆಲ್ಸಿ ಅಲ್ವಾ?"

ರತ್ನಾ ನೆಲ ನೋಡಿದಳು. ಮಗಳು ಅಲ್ಲೇ ಕೂತಿದ್ದಳು. "ಏಳನೇ ಕ್ಲಾಸು ಅಮ್ಮ," ಎಂದೆ.

ಅವರು ನಗಲಿಲ್ಲ. "ಏಳು ಓದಿದೋರು ಕಲಿಸಬಾರದು ಅಂತೇನಿಲ್ಲ. ನಾನೂ ರಾತ್ರಿ ಓದ್ಕೊಂಡು ಬೆಳಿಗ್ಗೆ ಹೇಳ್ಕೊಟ್ಟೋಳೇ. ಆದ್ರೆ ಸಿಟ್ಟಿಗೆ ಶಾಲೆ ತೆಗೆದೋರನ್ನ ನಾನು ನೋಡಿಲ್ಲ." ಆಮೇಲೆ ದೀಪಾಳ ಕಡೆ ತಿರುಗಿದರು. "ನಿಂಗೆ ಏನು ಬೇಕು ಪುಟ್ಟಿ?"

ಅವಳ ಮೊದಲ ಪದವೇ ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ಅದನ್ನು ಮುಗಿಸಿಕೊಡಲು ಹೋದೆ. ಸರೋಜಮ್ಮ ನನ್ನ ಕಡೆ ನೋಡದೆಯೇ ಕೈ ಎತ್ತಿ ತಡೆದರು. ಕೊನೆಗೆ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಆ ಟೀಚರ್ ನನಗಿಷ್ಟ, ನಾನು ಹೇಳಿ ಮುಗಿಸುವ ತನಕ ಕಾಯುತ್ತಾರೆ.

ಸರೋಜಮ್ಮ ಪೆನ್ನಿನ ಮುಚ್ಚಳ ಹಾಕಿದರು.

ಸೋಮವಾರ ನಾನು ಟೀಚರ್ ಮುಂದೆ ಕೂತು, ನಕಲು ಮಾಡಿಸಿದವನು ನಾನೇ ಎಂದು ಒಪ್ಪಿಕೊಂಡೆ. ಎರಡು ತಿಂಗಳ ಹಾಜರಿ ಹೋಯಿತು. ದೀಪಾ ಆ ಕಾರ್ಯಕ್ರಮದಲ್ಲೇ ಉಳಿದುಕೊಂಡಳು. ಮುಂದಿನ ಸಲ ಚಿತ್ತುಗಳ ಪುಸ್ತಕವನ್ನು ಹಾಗೇ ಒಯ್ದು ಮೇಜಿನ ಮೇಲಿಟ್ಟಾಗ, ಈ ವಯಸ್ಸಿನಲ್ಲೂ ಬೆತ್ತ ಬಿದ್ದೀತೆಂಬಂತೆ ಕೈ ಹಿಂದಕ್ಕೆಳೆದುಕೊಂಡೆ.

ಎರಡು ವರ್ಷದ ಮೇಲೆ ಸರೋಜಮ್ಮನವರ ಕಣ್ಣು ಮಂಜಾಯಿತು. ಕೊನೆಯ ಸಲ ಬಂದ ದಿನ ಅವರನ್ನು ಒಬ್ಬರೇ ಕಳಿಸಲು ಮನಸ್ಸಾಗದೆ, ಅವರದೇ ಕಾರಿನಲ್ಲಿ ಟೊರೆನ್ಸಿಗೆ ಕರೆದೊಯ್ದೆ. ಮುಂದಿನ ಚಳಿಗಾಲಕ್ಕೆ ಅವರು ತೀರಿಕೊಂಡರು. ನಮ್ಮ ಭೇಟಿ ಅದೇ ಕಡೆಯದು.

ಆ ದಿನ ಅರ್ಧ ದಾರಿ ಕಳೆದ ಮೇಲೆ ಅವರು ತಾವಾಗಿ ಮಾತೆತ್ತಿದರು.

"ನನ್ನ ಚಿಕ್ಕ ಮಗನಿಗೆ ಶಾಲೆಗೆ ಹೋಗೋ ಆಸೆ ಇತ್ತಂತೆ, ಸುಧಾಕರ್. ಮದುವೆ ಆದ್ಮೇಲೆ ಹೇಳಿದ. ದಿನಾ ಬೆಳಿಗ್ಗೆ ಹಳದಿ ಬಸ್ಸು ಬರೋ ಹೊತ್ತಿಗೆ ಕಿಟಕಿ ಹತ್ರ ನಿಲ್ತಿದ್ದ. ನಾನು ಅಲ್ಲೇ ಪಕ್ಕದಲ್ಲಿ ಪುಸ್ತಕ ಜೋಡಿಸ್ತಿದ್ದೆ. ಹುಡುಗನಿಗೆ ಬಸ್ಸು ಅಂದ್ರೆ ಇಷ್ಟ ಅಂದ್ಕೊಂಡು ಒಂದು ಆಟದ ಬಸ್ಸು ತಂದುಕೊಟ್ಟೆ."

ಅವರ ಮನೆ ಬಂತು. ಎಂಜಿನ್ ನಿಲ್ಲಿಸಿದೆ. ಇಳಿದು ಅವರ ಕಡೆಯ ಬಾಗಿಲು ತೆಗೆದು ಕೈ ಕೊಟ್ಟೆ.