ಅಜ್ಜಿಯ ಸಂಚಿಯ ಚೀನಾ ಚೀಟಿ

ನಾನು ಶಾಂಘೈಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ, ಎಷ್ಟು ದಿನ ಎಂದು ಅಪ್ಪ ಕೇಳಿದರು. ಅಲ್ಲಿ ಏನು ತಿನ್ನುತ್ತಾರೆ ಎಂದು ಅಮ್ಮ ಕೇಳಿದಳು. ಅಜ್ಜಿ ಕೇಳಿದ್ದು ಮಾತ್ರ ಬೇರೆ.

"ಯಾರ ಮನೇಲಿ ಇಳ್ಕೋತೀಯಾ?"

ಊರು ಬಿಟ್ಟು ಹೊರಟವನಿಗೆ ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ಅವಳ ನಂಬಿಕೆ. ಅನುಗೊಂಡನಹಳ್ಳಿಗೆ ಹೋದರೆ ಅವಳ ತಂಗಿಯ ಮನೆ, ಬೆಂಗಳೂರಿಗೆ ಹೋದರೆ ಸೋದರಮಾವನ ಮನೆ, ಕೋಲಾರದ ಕಡೆ ಹೋದರೆ ಆ ತಂಗಿಯ ಬೀಗರ ಮನೆ. ನೆಂಟರಿಲ್ಲದ ಊರಿಗೆ ಮನುಷ್ಯ ಯಾಕಾದರೂ ಹೋಗಬೇಕು ಎಂಬುದೇ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅವಳಿಗೆ ಹೋಟೆಲೆಂದರೆ ಕಾಫಿ ಕುಡಿಯುವ ಜಾಗ. ಅಲ್ಲಿ ದುಡ್ಡು ಕೊಟ್ಟು ಮಲಗುವುದೂ ಉಂಟು ಎಂದು ನಾನು ಬಿಡಿಸಿ ಹೇಳಿದಾಗ ನನ್ನನ್ನೇ ಮರುಕದಿಂದ ನೋಡಿ, ನಿದ್ದೆಯನ್ನೂ ಮಾರುತ್ತಾರೇನೋ ಎಂದು ಕೇಳಿದಳು.

ಆಗ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ನಾನು ಇಂಟರ್‌ಮೀಡಿಯೆಟ್‌ವರೆಗೆ ಓದಿ, ಬೆಂಗಳೂರು ಪೇಟೆಯ ರೇಷ್ಮೆ ನೂಲಿನ ಅಂಗಡಿಯೊಂದರಲ್ಲಿ ಇಂಗ್ಲಿಷ್ ಕಾಗದ ಬರೆಯುವ ಕೆಲಸಕ್ಕಿದ್ದೆ. ದೊಡ್ಡಬಳ್ಳಾಪುರದ ಮಗ್ಗಗಳಿಗೆ ಚೀನಾದ ನೂಲು ಮತ್ತೆ ಸಿಗುವ ಹಾಗಿದೆಯೇ ಎಂದು ನೋಡಿ, ಮಾದರಿಗಳನ್ನು ಕಟ್ಟಿಸಿಕೊಂಡು ಬರಲು ಅಂಗಡಿಯ ಯಜಮಾನರು ನನ್ನನ್ನು ಕಳಿಸುತ್ತಿದ್ದರು. ವಾರಗಟ್ಟಲೆ ಹಡಗಿನ ಪ್ರಯಾಣ, ಊರಿನಲ್ಲಿ ಉಳಿಯುವುದು ಮೂರೇ ರಾತ್ರಿ. ಎಲ್ಲಿ ಇಳಿದುಕೊಳ್ಳಬೇಕು ಎಂಬುದನ್ನು ನನಗೇ ಬಿಟ್ಟಿದ್ದರು. ನದಿಯ ದಂಡೆಯ ದೊಡ್ಡ ಹೋಟೆಲಾದರೂ ಆಗಬಹುದು, ಅವರ ಪರಿಚಯದ ಸಿಂಧಿ ವ್ಯಾಪಾರಿಯ ಅಂಗಡಿಯ ಅಟ್ಟವಾದರೂ ಆಗಬಹುದು ಎಂದಿದ್ದರು.

ನನ್ನ ಮನಸ್ಸು ಆಗಲೇ ಹೋಟೆಲಿಗೆ ಹೋಗಿ ಕಾಲು ಚಾಚಿ ಮಲಗಿಬಿಟ್ಟಿತ್ತು. ನಮ್ಮೂರು ಹೊಸಕೋಟೆಯಲ್ಲಿ ಬಸ್ಸು ನಿಲ್ಲುವ ಕಡೆ ಗೆಳೆಯರನ್ನು ಸೇರಿಸಿಕೊಂಡು, ಅಲ್ಲಿ ಮೆಟ್ಟಿಲು ಹತ್ತುವ ಹಾಗೇ ಇಲ್ಲ, ಪೆಟ್ಟಿಗೆಯಂಥ ಲಿಫ್ಟೊಂದು ಮೇಲಕ್ಕೆ ಹೊತ್ತುಕೊಂಡು ಹೋಗುತ್ತದೆ ಎಂದು ಸ್ವತಃ ಕಂಡವನಂತೆ ಬೊಗಳೆ ಬಿಟ್ಟಿದ್ದೆ. ಲಿಫ್ಟನ್ನು ನಾನು ಬೆಂಗಳೂರಿನಲ್ಲಿಯೂ ನೋಡಿರಲಿಲ್ಲ.

ಹೊರಡುವ ಹಿಂದಿನ ದಿನ ಅಜ್ಜಿ ತನ್ನ ಎಲೆಅಡಿಕೆಯ ಸಂಚಿ ಬಿಚ್ಚಿ, ಮಡಿಸಿದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟಳು. ನೋಡಿದ ಕೂಡಲೇ ಯಾವ ಚೀಟಿ ಎಂದು ಗೊತ್ತಾಯಿತು, ಪಿತ್ತವೂ ಕೆರಳಿತು.

ನಮ್ಮ ಮನೆ ಮದರಾಸು ರಸ್ತೆಯ ಅಂಚಿನಲ್ಲೇ ಇದೆ. ಯುದ್ಧಕ್ಕೆ ಮುಂಚೆ, ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ, ಚೀನಾದ ಬಟ್ಟೆ ವ್ಯಾಪಾರಿಯೊಬ್ಬ ಬೆನ್ನ ಮೇಲೆ ಗಂಟು ಹೊತ್ತು ಆ ರಸ್ತೆಯಲ್ಲಿ ಬರುತ್ತಿದ್ದ. ಕೋಲಾರದ ಚಿನ್ನದ ಗಣಿಯ ದೊರೆಸಾನಿಯರಿಗೆ ರೇಷ್ಮೆ ಮಾರಲು ಬೆಂಗಳೂರಿನಿಂದ ನಡೆದೇ ಹೋಗುವವನು. ಹೊಸಕೋಟೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ನಮ್ಮ ಜಗುಲಿಯಲ್ಲಿ ಮಲಗಿದ್ದು ಬೆಳಿಗ್ಗೆ ಎದ್ದು ಹೋಗುತ್ತಿದ್ದ. ಅಜ್ಜಿ ಒಂದು ಚೊಂಬು ಮಜ್ಜಿಗೆ ಕೊಡುವಳು. ಅವನು ಕಣ್ಣು ಮುಚ್ಚಿ, ಮುಖ ಕಿವುಚಿ, ಒಂದೇ ಉಸಿರಿಗೆ ಕುಡಿದು, ಎರಡು ಕೈ ಜೋಡಿಸಿ ಬಗ್ಗುವನು. ಅವನಿಗೆ ನಮ್ಮ ಮಾತು ಬಾರದು, ಅಜ್ಜಿಗೆ ಅವನದು ಬಾರದು. ನಮ್ಮ ಮನೆಯವರು ಅವನಿಂದ ಒಂದು ಮೊಳ ಬಟ್ಟೆಯನ್ನೂ ಕೊಂಡವರಲ್ಲ. ಹೈಸ್ಕೂಲಿನಲ್ಲಿದ್ದ ನನಗೆ ಅವನ ನಡಿಗೆಯನ್ನೂ ಮಾತನ್ನೂ ಅಣಕಿಸಿ ಬೀದಿಯವರನ್ನು ನಗಿಸುವುದೇ ದೊಡ್ಡ ವಿದ್ಯೆ. ನಗುವವರ ಜೊತೆ ಅವನೂ ನಗುತ್ತಿದ್ದ.

ಕೊನೆಯ ಸಲ ಬಂದಾಗ, ಬೆಳಿಗ್ಗೆ ಹೊರಡುವ ಮುಂಚೆ, ಬಾಗಿಲುವಾಡದ ಮೇಲೆ ಅಂಗೈಯಗಲದ ಈ ಚೀಟಿ ಅಂಟಿಸಿ ಹೋಗಿದ್ದ. ಮೇಲಿಂದ ಕೆಳಕ್ಕೆ ಕಪ್ಪು ಮಸಿಯಲ್ಲಿ ಕೆಲವು ಸಾಲು ಚೀನೀ ಬರಹ. ಅದು ಅವನ ಊರಿನ ವಿಳಾಸ, ನಮಗೆಂದೇ ಬಿಟ್ಟು ಹೋಗಿದ್ದಾನೆ ಎಂದು ಅಜ್ಜಿ ತೀರ್ಮಾನ ಮಾಡಿದಳು. ಜಗುಲಿಗೆ ಕಟ್ಟಿದ್ದ ಆಡು ಎಲ್ಲಿ ತಿಂದುಬಿಡುತ್ತದೋ ಎಂದು ಒದ್ದೆ ಬಟ್ಟೆಯಲ್ಲಿ ನೆನೆಸಿ, ಹರಿಯದಂತೆ ಬಿಡಿಸಿ, ಒಣಗಿಸಿ ಸಂಚಿಯೊಳಗೆ ಇಟ್ಟುಕೊಂಡಳು.

ಮುಂದಿನ ವರ್ಷ ಅವನು ಬರಲಿಲ್ಲ. ಅವನ ಬದಲು ಅದೇ ಹೊತ್ತಿಗೆ ಇನ್ನೊಬ್ಬ ಬಂದ. ವಯಸ್ಸು ಚಿಕ್ಕದು, ಗಂಟು ದೊಡ್ಡದು. ಅಜ್ಜಿ ಹೊಲದಲ್ಲಿದ್ದಳು, ನಾನು ಜಗುಲಿಯ ಮೇಲೆ ಪುಸ್ತಕ ಹಿಡಿದು ಕುಳಿತಿದ್ದೆ. ಅವನು ಮನೆಯ ಮುಂದೆ ನಿಂತು ಬಾಗಿಲನ್ನು ನೋಡಿದ, ಬಾಗಿಲುವಾಡದ ಎರಡೂ ಕಡೆ ನೋಡಿದ. ಏನು ಬೇಕು ಎಂದು ಕೈಯಲ್ಲೇ ಕೇಳಿದೆ. ತಲೆ ಬಗ್ಗಿಸಿ, ಗಂಟನ್ನು ಸರಿಮಾಡಿಕೊಂಡು ಕೋಲಾರದ ಕಡೆಗೆ ಹೊರಟುಹೋದ. ಯಾರೋ ಪೆದ್ದ ಎಂದುಕೊಂಡು ನಾನು ಪುಟ ತಿರುಗಿಸಿದೆ. ಆಮೇಲೆ ಯುದ್ಧ ಬರ್ಮಾದವರೆಗೆ ಬಂತು, ಗಂಟು ಹೊತ್ತವರು ಯಾರೂ ಆ ರಸ್ತೆಯಲ್ಲಿ ಕಾಣಲಿಲ್ಲ.

ಅಂದಿನಿಂದ ಅಜ್ಜಿಗೆ ಅದೊಂದು ಕೊರಗು. ಮಜ್ಜಿಗೆ ಕಡೆಯುವಾಗ ನೆನಪಾದರೆ, ಆ ಪುಣ್ಯಾತ್ಮ ಮನೆ ಸೇರಿಕೊಂಡನೋ ಇಲ್ಲವೋ ಎನ್ನುವಳು. ವರ್ಷಗಳು ಕಳೆದರೂ ಬಿಡಲಿಲ್ಲ. ಈಗ ಎಂಬತ್ತು ದಾಟಿದ್ದಳು, ಒಂದು ಕಣ್ಣು ಮಂಜಾಗಿತ್ತು.

"ಅವ್ನ ಮನೇಲೇ ಇಳ್ಕೊ," ಅಂದಳು. "ಸೇರ್ಕೊಂಡ್ನೋ ಇಲ್ವೋ ನೋಡ್ಕೊಂಡ್ ಬಂದು ನಂಗೊಂದ್ ಮಾತು ಹೇಳ್ಬಿಡು. ನಾನಿನ್ನೆಷ್ಟ್ ದಿನ ಇರ್ತೀನಿ?"

ಚೀನಾ ಎಂದರೆ ಹೊಸಕೋಟೆ ತಾಲ್ಲೂಕಲ್ಲ ಎಂದು ರೇಗಿದೆ. ಅಪ್ಪ ಕಣ್ಣು ಬಿಟ್ಟರು. ಚೀಟಿಯನ್ನು ಇಂಗ್ಲಿಷ್ ನಿಘಂಟಿನ ನಡುವೆ ತುರುಕಿಕೊಂಡು ಹೊರಟೆ.

ಶಾಂಘೈ ಹೋಟೆಲಿನ ಬಾಗಿಲು ತಿರುಗುವ ಬಾಗಿಲು. ಒಳಗೆ ಹೋದವನು ಒಂದು ಸುತ್ತು ಬಂದು ಮತ್ತೆ ಬೀದಿಗೇ ಇಳಿದೆ. ಎರಡನೆಯ ಸಲ ಒಳಗೆ ಬಿದ್ದೆ. ಲಿಫ್ಟಿನಲ್ಲಿ ಹೊಟ್ಟೆ ಕೆಳಗೇ ಉಳಿದ ಹಾಗಾಯಿತು. ಕೋಣೆಯ ಹಾಸಿಗೆಯಲ್ಲಿ ಹೂತುಹೋಗಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎಲ್ಲರೂ ನನಗೆ ತಲೆ ಬಾಗಿಸಿದರು, ಊಟ ಆಯಿತೇ ಎಂದು ಒಬ್ಬರೂ ಕೇಳಲಿಲ್ಲ. ಇಷ್ಟು ಜಂಬ ಪಟ್ಟು ಬಂದದ್ದು ಇದಕ್ಕಾಗಿಯೇ ಎಂದು ನನ್ನ ಮೇಲೆ ನನಗೇ ನಗು ಬಂತು.

ಅಂದೇ ನೂಲು ನೋಡಲು ಹೋದ ಗೋದಾಮಿನಲ್ಲಿ ಸಿಖ್ ಕಾವಲುಗಾರನೊಬ್ಬನಿದ್ದ. ಇಪ್ಪತ್ತು ವರ್ಷದಿಂದ ಆ ಊರಿನಲ್ಲಿದ್ದು ಅಲ್ಲಿಯ ಮಾತು ಕಲಿತವನು. ನನ್ನ ಹೊಸಕೋಟೆ ಸಂತೆಯ ಉರ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ, ಚಹಾ ಕುಡಿಸಿದ. ತೋರಿಸಿದೆ ಎಂದು ಅಜ್ಜಿಗೆ ಹೇಳಲಿಕ್ಕಾದರೂ ಆಯಿತು ಎಂದು ಚೀಟಿಯನ್ನು ಅವನ ಮುಂದೆ ಹಿಡಿದೆ. ಅವನಿಗೆ ಚೀನೀ ಓದಲು ಬಾರದು. ಆದರೆ ಗಂಟು ಹೊತ್ತು ದೇಶ ತಿರುಗುವವರು ಹೆಚ್ಚಾಗಿ ಶಾಂಟುಂಗ್ ಸೀಮೆಯವರು, ಅವರು ತಂಗುವ ಜಾಗ ನನಗೆ ಗೊತ್ತು ಎಂದು ಹೇಳಿ, ಕೆಲಸ ಮುಗಿದ ಮೇಲೆ ಕರೆದುಕೊಂಡು ಹೋದ.

ಅದು ಗಲ್ಲಿಯ ಒಳಗಿನ ಹಳೆಯ ಮನೆ. ನಡೆಸುವವರು ಗಂಡ ಹೆಂಡತಿ, ಇಬ್ಬರೂ ಮುದುಕರು. ಮುದುಕ ಬೆಳಕಿಗೆ ಹಿಡಿದು ಚೀಟಿ ಓದಿದ. ನನ್ನನ್ನು ನೋಡಿ, ಮತ್ತೆ ಓದಿದ. ಒಳಗಿದ್ದ ನಾಲ್ಕಾರು ಜನರನ್ನು ಕೂಗಿ ಕರೆದು ಗಟ್ಟಿಯಾಗಿ ಓದಿದ. ಎಲ್ಲರೂ ನಕ್ಕರು. ಅಣಕಿಸುವ ವಿದ್ಯೆ ಬಲ್ಲವನಿಗೆ ಯಾರು ನಕ್ಕರೂ ತನ್ನನ್ನೇ ಅಣಕಿಸಿದ ಹಾಗೆ. ನನ್ನ ಮುಖ ಬಿಸಿಯಾಯಿತು. ಕಾವಲುಗಾರ ಭುಜ ಹಿಡಿದು ಕೂರಿಸಿ, ಮುದುಕ ಹೇಳಿದಂತೆ ಒಂದೊಂದೇ ಸಾಲನ್ನು ಉರ್ದುವಿಗೆ ತಂದ. ಅದು ವಿಳಾಸವೇ ಆಗಿರಲಿಲ್ಲ.

"ಹಿಂದೆ ಬರುವ ನಮ್ಮವರಿಗೆ. ಈ ಮನೆಯ ಜಗುಲಿಯಲ್ಲಿ ಮಲಗಬಹುದು. ಗಂಟು ಇಲ್ಲೇ ಬಿಟ್ಟು ಹೋದರೂ ಭಯವಿಲ್ಲ. ಅಜ್ಜಿ ಕೇಳದೆಯೇ ಹುಳಿ ಹಾಲು ಕೊಡುತ್ತಾಳೆ, ರುಚಿ ನೋಡಬೇಡಿ, ಕುಡಿದುಬಿಡಿ, ಬೇಡವೆಂದರೆ ನೊಂದುಕೊಳ್ಳುತ್ತಾಳೆ. ಕಪ್ಪು ಹಸು ಒದೆಯುತ್ತದೆ. ಮನೆಯ ಹುಡುಗ ಅಣಕಿಸುತ್ತಾನೆ. ಕೆಟ್ಟವನಲ್ಲ."

ಕೊನೆಯ ಮಾತು ಕೇಳಿದಾಗ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ನನ್ನ ಮೇಷ್ಟ್ರುಗಳೂ ಬರೆದುಕೊಟ್ಟಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಚೀಟಿ ಬರೆದವನ ಮೇಲೆ ಪ್ರೀತಿ ಉಕ್ಕಿತು, ಕಣ್ಣಲ್ಲಿ ನೀರು ಬಂತು. ಮುದುಕಿ ಬಂದು ಪಕ್ಕದಲ್ಲಿ ಕುಳಿತಳು.

ಮುದುಕ ತಾನೂ ವಯಸ್ಸಿನಲ್ಲಿ ರಂಗೂನಿನ ಕಡೆ ಗಂಟು ಹೊತ್ತವನಂತೆ. ಎಲ್ಲಿ ನಾಯಿ ಕಚ್ಚುತ್ತದೆ, ಎಲ್ಲಿ ಬಾಗಿಲು ತಟ್ಟಬಾರದು, ಎಲ್ಲಿ ಮಲಗಬಹುದು ಎಂದು ಮುಂದೆ ಹೋದವರು ಹಿಂದಿನವರಿಗೆ ಹೀಗೆ ಬರೆದಿಟ್ಟು ಹೋಗುವುದು ಅವರಲ್ಲಿ ಇದ್ದ ಪದ್ಧತಿ. ಬರೆದವನು ಯಾರೆಂದು ಹೇಳಲು ಅವನಿಗೆ ಆಗಲಿಲ್ಲ, ಚೀಟಿಯಲ್ಲಿ ಹೆಸರಿರಲಿಲ್ಲ. ಎಲ್ಲ ಹೇಳಿದ ಮೇಲೆ, ಬಾಗಿಲ ಮೇಲೆ ಇರಬೇಕಾದದ್ದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದ. ಬಾಗಿಲುವಾಡದ ಎರಡೂ ಕಡೆ ಹುಡುಕಿ ತಲೆ ಬಗ್ಗಿಸಿ ಹೋದ ಆ ಚಿಕ್ಕ ವಯಸ್ಸಿನವನು ಕಣ್ಣ ಮುಂದೆ ಬಂದು ನಿಂತಿದ್ದ.

ನಮ್ಮವರನ್ನು ಜಗುಲಿಯಲ್ಲಿ ಮಲಗಿಸಿಕೊಂಡ ಮನೆಯವನು ಈ ಊರಿನಲ್ಲಿ ಹೋಟೆಲಿನಲ್ಲಿ ಮಲಗುವ ಹಾಗಿಲ್ಲ ಎಂದು ಮುದುಕ ಹಟ ಹಿಡಿದ. ಇಬ್ಬರು ನನ್ನೊಂದಿಗೆ ಬಂದು ಹೋಟೆಲಿನಿಂದ ಪೆಟ್ಟಿಗೆ ಹೊತ್ತುಕೊಂಡು ಬಂದರು. ಉಳಿದ ಎರಡು ರಾತ್ರಿ ಅಲ್ಲಿಯೇ ಹಲಗೆಯ ಮೇಲೆ, ಹೊಸಕೋಟೆಯಲ್ಲಿ ಮಲಗಿದಷ್ಟೇ ಚೆನ್ನಾಗಿ ಮಲಗಿದೆ. ಹಬೆಯಲ್ಲಿ ಬೆಂದ ಮುದ್ದೆಯಂಥ ರೊಟ್ಟಿ, ಹಸಿ ಈರುಳ್ಳಿ ಸೊಪ್ಪು, ಬೆಳಿಗ್ಗೆ ಒಂದು ಬಟ್ಟಲು ಗಂಜಿ. ಬಾಯಿಗಿಟ್ಟರೆ ನವಣೆ! ನಮ್ಮ ಹೊಲದಲ್ಲಿ ಬೆಳೆಯುವ ಅದೇ ನವಣೆ. ನಾನು ಕುಡಿದು ಮುಗಿಸುವವರೆಗೆ ಮುದುಕಿ ಎದುರಿಗೇ ನಿಂತಿದ್ದಳು. ಕುಡಿದು ಎರಡು ಕೈ ಜೋಡಿಸಿ ಬಗ್ಗಿದೆ. ಹೊರಡುವಾಗ ದುಡ್ಡು ತೆಗೆದದ್ದಕ್ಕೆ ಅವಳು ಬೆನ್ನು ತಿರುಗಿಸಿದಳು. ಆ ಇಬ್ಬರ ಋಣ, ನನ್ನನ್ನು ಅಲ್ಲಿಗೆ ಮುಟ್ಟಿಸಿದ ಆ ಕಾವಲುಗಾರನ ಋಣ ನನ್ನ ಮೇಲೆ ಇವತ್ತಿಗೂ ಇದೆ, ಇರಲಿ.

ವಾಪಸು ಬರುವ ಹಡಗಿನಲ್ಲಿ ಕುಳಿತು ಸುಳ್ಳು ಹೊಸೆದೆ. ಅವನು ಮನೆ ಸೇರಿದ್ದಾನೆ, ಚೆನ್ನಾಗಿದ್ದಾನೆ, ಮೊಮ್ಮಕ್ಕಳಾಗಿವೆ, ನಿನ್ನನ್ನು ಕೇಳಿದ ಎಂದು. ಅಜ್ಜಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಅದನ್ನು ಕೊಡದೆ ಬರಿಗೈಯಲ್ಲಿ ಹೋಗುವುದಕ್ಕಿಂತ ಸುಳ್ಳೇ ವಾಸಿ ಎನಿಸಿತು.

ಅಜ್ಜಿ ಜಗುಲಿಯ ಮೇಲೆ ಕುಳಿತಿದ್ದಳು. ಬಸ್ಸಿಳಿದು ಬಂದವನನ್ನು ಅವಳು ಮೊದಲು ಕೇಳಿದ್ದು, ಎಲ್ಲಿ ಇಳಿದುಕೊಂಡಿದ್ದೆ ಎಂದು. ಹೋಟೆಲಿನ ಒಂದು ರಾತ್ರಿ ಹೇಳಿದೆ, ಗಲ್ಲಿಯ ಮನೆಯ ಎರಡು ರಾತ್ರಿ ಹೇಳಿದೆ, ಚೀಟಿ ತೆಗೆದು ಅದರಲ್ಲಿದ್ದದ್ದನ್ನು ಸಾಲು ಸಾಲಾಗಿ ಹೇಳಿದೆ. ಹುಳಿ ಹಾಲಿಗೆ ನಕ್ಕಳು. ಹಸು ಒದೆಯುವುದಕ್ಕೆ ಇನ್ನೂ ನಕ್ಕಳು. ಹುಡುಗ ಕೆಟ್ಟವನಲ್ಲ ಎಂದಾಗ ನನ್ನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

"ಹಿಂದೆ ಬರೋರ್ಗೇಂತ ಅಂಟ್ಸಿದ್ನಾ? ನಾನು ಕಿತ್ಬಿಟ್ನಲ್ಲೋ."

ಯುದ್ಧದಲ್ಲಿ ಯಾರೂ ಬರಲಿಲ್ಲ, ಯಾರಿಗೂ ನಷ್ಟವಾಗಿಲ್ಲ ಎಂದೆ. ಚಿಕ್ಕ ವಯಸ್ಸಿನವನ ವಿಷಯ ಹೇಳಲಿಲ್ಲ. ಹೇಳಿದ್ದರೆ ಸಾಯುವ ತನಕ ಅದನ್ನೇ ಹಿಡಿದುಕೊಂಡು ಸಂಕಟಪಡುತ್ತಿದ್ದಳು. ತಪ್ಪು ಅವಳದಲ್ಲ. ಜಗುಲಿಯ ಮೇಲೆ ಇದ್ದವನು ನಾನು, ಕೂತ್ಕೋ ಎನ್ನಲು ನನಗೆ ಯಾವ ಚೀಟಿಯೂ ಬೇಕಿರಲಿಲ್ಲ. ಅವಳು ಹೋದ ಮೇಲೂ ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

"ಅವ್ನು ಮನೆ ಸೇರ್ಕೊಂಡ್ನಾ?" ಎಂದು ಕೇಳಿದಳು.

ಹಡಗಿನಲ್ಲಿ ಹೊಸೆದದ್ದೆಲ್ಲ ನಾಲಿಗೆಯ ತುದಿಗೆ ಬಂತು. ಆ ಮಂಜು ಕಣ್ಣು ನೋಡಿದ ಮೇಲೆ ಹೊರಗೆ ಬರಲಿಲ್ಲ.

"ಗೊತ್ತಾಗ್ಲಿಲ್ಲ ಅಜ್ಜಿ."

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದು ಎದ್ದಳು.

"ಹಂಗಾದ್ರೆ ಇನ್ನೂ ದಾರೀಲಿರ್ಬೋದು. ನಿಮ್ಮಮ್ಮಂಗೆ ಹೇಳು, ಒಂದಿಷ್ಟ್ ಗಂಜಿ ಕಾಯ್ಸ್ಲಿ."

ಗಂಜಿ ಆರುವವರೆಗೆ ಅವಳೇ ಬಾಗಿಲುವಾಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಚೀಟಿಯ ಯಾವ ಕಡೆ ಮೇಲೆ ಎಂದು ಕೇಳಿದಳು. ಮುದುಕ ಹಿಡಿದದ್ದನ್ನು ನೋಡಿದ್ದೆನಾಗಿ ನನಗೆ ಗೊತ್ತಿತ್ತು. ಬೆನ್ನಿಗೆ ಗಂಜಿ ಸವರಿ, ರಸ್ತೆಯಿಂದ ಕಾಣುವ ಹಾಗೆ ಹೊರಗಡೆಗೆ ಅಂಟಿಸಿ, ನಾಲ್ಕು ಮೂಲೆಯನ್ನೂ ಬೆರಳಿನಿಂದ ಒತ್ತಿದೆ. ಅಜ್ಜಿ ಒಂದು ಕಣ್ಣಿನಲ್ಲಿ ಅದನ್ನು ತುಂಬ ಹೊತ್ತು ನೋಡಿ, ಆಡನ್ನು ಬಿಚ್ಚಿ ಹಿತ್ತಲಲ್ಲಿ ಕಟ್ಟು ಅಂದಳು. ಕಟ್ಟಿ ಬಂದೆ.