ಹುಟ್ಟೇ ಇಲ್ಲದವಳ ಮಾತು

ಆಫೀಸಿನಲ್ಲಿ ಅವಳಿಗಿದ್ದ ಅಡ್ಡಹೆಸರು ಮಂಕುಬೂದಿ. ತಮಾಷೆಗೆ ಇಟ್ಟದ್ದೇ, ಆದರೆ ಹೆಸರಿಗೆ ತಕ್ಕ ಕೈಚಳಕವೂ ಇತ್ತೆನ್ನಿ. ವೆಬ್‌ಸೈಟಿಗೆ ಬಂದವರು ಏನನ್ನೂ ಕೊಳ್ಳದೆ ಜಾರಿಕೊಳ್ಳದಂತೆ ಮಾತು ಬರೆಯುವುದು ಅವಳ ಕೆಲಸ. 'ಇನ್ನು ಎರಡೇ ಉಳಿದಿವೆ' ಎಂದು ಹೆದರಿಸುವುದು, 'ಬೇಡ' ಎನ್ನುವ ಬಟನ್ ಮೇಲೆ 'ನನ್ನ ಆರೋಗ್ಯದ ಚಿಂತೆ ನನಗಿಲ್ಲ' ಎಂದು ಬರೆದು ಒತ್ತುವವರನ್ನು ನಾಚಿಸುವುದು, ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಮನುಷ್ಯನ ಮನಸ್ಸು ಎಲ್ಲಿ ಮೆತ್ತಗಿದೆ ಎಂಬುದನ್ನು ಕಾಲೇಜಿನಲ್ಲಿ ಓದಿಕೊಂಡೇ ಬಂದವಳು.

ನರಗಳಿಗೆ ಬಲ ಕೊಡುತ್ತದೆಂಬ ಪುಡಿಯೊಂದರ ಪುಟಕ್ಕೆ ಗಿರಾಕಿಯೊಬ್ಬಳ ಮೆಚ್ಚುಗೆಯ ಮಾತು ಬೇಕಾಗಿತ್ತು. ಅಂಥ ಗಿರಾಕಿ ಇರಲಿಲ್ಲ, ಇವಳೇ ಸೃಷ್ಟಿಸಿದಳು. ಸುಳ್ಳು ಸುಳ್ಳಿನಂತೆ ಕೇಳಬಾರದಲ್ಲ, ಅದಕ್ಕೇ ತನ್ನ ಅಕ್ಕನ ಮಾತಿನ ಧಾಟಿಯನ್ನು ಎತ್ತಿಕೊಂಡಳು. ಅಮ್ಮ ತೀರಿಕೊಂಡ ಮೇಲೆ ಇವಳನ್ನು ಸಾಕಿದ ಅಕ್ಕ. ಫಿಟ್ಸ್‌ಗೆ ಚಿಕ್ಕಂದಿನಿಂದ ಮಾತ್ರೆ ತಿನ್ನುತ್ತಿದ್ದವಳು. 'ಮಾತ್ರೆ ನುಂಗಿ ನುಂಗಿ ನಾಲಿಗೆಯೇ ಸತ್ತುಹೋಗಿತ್ತು ಕಣ್ರೀ. ಈಗ ಆ ಡಬ್ಬಿ ಎಲ್ಲಿದೆಯೋ ದೇವರಿಗೇ ಗೊತ್ತು.' ಮಾತ್ರೆ ಬಿಡಿ ಎಂದು ಎಲ್ಲೂ ಬರೆದಿರಲಿಲ್ಲ. ಅಷ್ಟು ಜಾಣತನವಿತ್ತು, ಹಾಳು ಜಾಣತನ!

ಪುಟ ಹೊರಬಿದ್ದ ಕೆಲವು ವಾರಗಳ ನಂತರ ಅಕ್ಕನ ಮನೆಗೆ ಹೋದಳು. ಭಾವ ಕೆಲಸಕ್ಕೆ ಹೋಗಿದ್ದರು. ಅಡುಗೆಕಟ್ಟೆಯ ಮೇಲೆ ಅದೇ ಪುಡಿಯ ಡಬ್ಬ ಕಂಡು ತಂಗಿ ಕೈಗೆತ್ತಿಕೊಂಡಳು.

"ಅಕ್ಕಾ, ನಿನ್ನ ಮಾತ್ರೆ?"

"ಬಿಟ್ಟೆ ಕಣೇ, ಮೊನ್ನೆಯಿಂದ. ನೋಡು, ಗುಂಡುಕಲ್ಲಿನ ಹಾಗಿದೀನಿ!"

"ಬಿಡು ಅಂತ ಯಾರು ಹೇಳಿದ್ರು?"

ಅಕ್ಕ ಮೊಬೈಲ್ ತೋರಿಸಿದಳು. "ಈ ತಾಯಿ. ಒಂದೊಂದು ಮಾತೂ ನನ್ನ ಬಾಯಿಂದ ಕಿತ್ಕೊಂಡ ಹಾಗಿದೆ. ಪಾಪ, ಎಷ್ಟು ಅನುಭವಿಸಿದಾಳೋ!"

ಹಿಂದೊಮ್ಮೆ ಮಾತ್ರೆ ತಪ್ಪಿದಾಗ ಅಕ್ಕ ಉರಿಯುವ ಒಲೆಯ ಪಕ್ಕದಲ್ಲೇ ಬಿದ್ದು ಸೆಟೆದುಕೊಂಡದ್ದು ತಂಗಿಯ ಕಣ್ಣಿಗೆ ಕಟ್ಟಿತು.

"ಅದನ್ನ ಬರೆದವಳು ನಾನು, ಅಕ್ಕಾ. ಆ ಹೆಂಗಸು ಹುಟ್ಟೇ ಇಲ್ಲ. ನಿನ್ನ ಮಾತನ್ನೇ ಕದ್ದು ಬರೆದೆ. ನಿನ್ನ ಕಾಲಿಗೆ ಬೀಳ್ತೀನಿ, ಈಗಲೇ ಮಾತ್ರೆ ತಗೋ."

ಅಕ್ಕ ಪಕಪಕ ನಕ್ಕಳು. "ನನಗೆ ಮಾತ್ರೆ ನುಂಗಿಸೋಕೆ ಎಷ್ಟು ಕತೆ ಕಟ್ಟಿಲ್ಲ ನೀನು, ಇದೂ ಒಂದು! ನಿನಗೇನು ಗೊತ್ತು ಈ ಸಂಕಟ? ಆ ತಾಯಿ ಮೊದಲೇ ಹೇಳಿದಾಳೆ ನೋಡು, 'ಮನೆಯವರೇ ಮೊದಲು ಹೆದರಿಸ್ತಾರೆ, ಕಿವಿಗೆ ಹಾಕ್ಕೋಬೇಡಿ' ಅಂತ."

ಅದನ್ನೂ ಬರೆದವಳು ತಂಗಿಯೇ. ಓದುವವರ ಅನುಮಾನಕ್ಕೆ ಮುಂಚೆಯೇ ಬಾಯಿ ಮುಚ್ಚಿಸಬೇಕು ಎಂದು, ಬಹಳ ಖುಷಿಯಿಂದ ಸೇರಿಸಿದ್ದ ಸಾಲು. ಅವಳು ಅತ್ತಳು, ಬೈದಳು, ಅಕ್ಕನ ಮೇಲೆ ಆಣೆ ಇಟ್ಟಳು, ನೀರಿನ ಲೋಟ ಹಿಡಿದು ಹಿಂದೆ ಮುಂದೆ ಓಡಾಡಿದಳು. ಭಾವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ.

"ಸಾಕು ಸುಮ್ಮನಿರೇ," ಎಂದು ಅಕ್ಕ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟಳು.

"ಚಿಲಕ ಹಾಕ್ಬೇಡ, ಅಕ್ಕಾ!"

"ಥೂ, ನಾನೇನು ಎಳೇ ಮಗೂನಾ?"

ಚಿಲಕ ಬಿತ್ತು. ನಲ್ಲಿ ಬಿಟ್ಟ ಸದ್ದಿನಲ್ಲಿ ಬೇರೇನೂ ಕೇಳದಾಯಿತು. ತಂಗಿ ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿ ನಿಂತಳು.

"ಮಾತಾಡ್ತಾ ಇರು, ಅಕ್ಕಾ. ನನ್ನನ್ನ ಬೈತಾನಾದ್ರೂ ಇರು, ಸುಮ್ಮನೆ ಮಾತ್ರ ಆಗ್ಬೇಡ!"